ಪುಷ್ಯ ಮಳೆಯಲ್ಲಿ ಗಿನಿಕೋಳಿ ಮರಿಗಳು: ಒಂದು ತೋಟದ ಮನೆಯ ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ. ಜುಲೈ ಕೊನೆ, ಪುಷ್ಯ ಮಳೆ ಬಿಡದೆ ಹೊಯ್ಯುತ್ತಿತ್ತು. ಚಿಕ್ಕ ಇನ್‌ಕ್ಯುಬೇಟರಿನಲ್ಲಿ ಇಟ್ಟ 30 ಗಿನಿಕೋಳಿ ಮೊಟ್ಟೆಯಲ್ಲಿ 22 ಮರಿಯಾದವು. ಮಳೆಗಾಲದಲ್ಲಿ ಕರೆಂಟಿನ ಕಾಟದ ನಡುವೆ ಇದು ಒಳ್ಳೆಯ ಲೆಕ್ಕವೇ. ಆದರೆ ಮೊದಲ ಬೆಳಿಗ್ಗೆ ಒಂದು ಮರಿ ಸತ್ತಿತ್ತು. ಮರುದಿನ ಮೂರು. ಅದರ ಮರುದಿನ ನಾಲ್ಕು.

ಮನೆ ನಮ್ಮ ಚಿಕ್ಕಮ್ಮನದು. "ಏನೋ ರೋಗ ಬಂದಿದೆ ಮಾರಾಯ, ನೀರಿಗೆ ಔಷಧಿ ಹಾಕಿದ್ರೂ ನಿಲ್ತಾ ಇಲ್ಲ, ನೀನೊಂದ್ಸಲ ಬಂದು ನೋಡು" ಅಂತ ಫೋನ್ ಮಾಡಿದರು. ನಾಟಿಕೋಳಿಯನ್ನು ಅವರು ನನಗಿಂತ ಚೆನ್ನಾಗಿ ಸಾಕಿದವರು. ಗಿನಿಕೋಳಿ ಮಾತ್ರ ಅವರಿಗೆ ಹೊಸದು.

ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಗಿನಿಕೋಳಿ ಮರಿ ಸಾಯತೊಡಗಿದರೆ ಜನ ಮೊದಲು ಓಡುವುದು ಔಷಧಿ ಅಂಗಡಿಗೆ. ಮೊದಲ ವಾರದ ಸಾವುಗಳಲ್ಲಿ ಬಹಳಷ್ಟು ರೋಗದಿಂದ ಆಗುವುದೇ ಇಲ್ಲ. ಚಳಿ, ಒದ್ದೆ, ಹಸಿವು. ಈ ಮೂರರಲ್ಲಿ ಯಾವುದು ಎಷ್ಟು ಅಂತ ಪೆಟ್ಟಿಗೆಯನ್ನೇ ನೋಡಿ ಕಂಡುಹಿಡಿಯಬಹುದು, ಚಿಕ್ಕಮ್ಮನ ಮನೆಯಲ್ಲಿ ಆದದ್ದೂ ಅದೇ.

ಮಲೆನಾಡಿನವರು ಈ ಹಕ್ಕಿ ಸಾಕಲು ಇಷ್ಟಪಡುವುದು ಸುಮ್ನೆ ಅಲ್ಲ. ಹಾವು ಕಂಡರೆ, ಹೊಸಬರು ಬಂದರೆ ಗದ್ದೆ ಆಚೆಗೂ ಕೇಳುವಂತೆ ಕೂಗುತ್ತದೆ. ಹುಳುಹುಪ್ಪಟೆ ತಿನ್ನುತ್ತದೆ, ಉಣುಗನ್ನೂ ಹೆಕ್ಕಿ ತಿನ್ನುತ್ತದೆ. ಚಿಕ್ಕಮ್ಮ ಮೊಟ್ಟೆ ತರಿಸಿದ್ದೂ ಉಣುಗಿನ ಕಾರಣಕ್ಕೇ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಾಗಾಗಿ ಉಣುಗು ತಿನ್ನುವ ಹಕ್ಕಿ ಅಂದರೆ ಇಲ್ಲಿಯವರಿಗೆ ಆಸೆ ಹುಟ್ಟದೆ ಇರುತ್ತದೆಯೇ. ಆದರೆ ಒಂದು ಮಾತು ಹೇಳಲೇಬೇಕು. ಆ ಕಾಯಿಲೆ ಮನುಷ್ಯರಿಗೆ ಬರುವುದು ಮುಖ್ಯವಾಗಿ ತೀರಾ ಸಣ್ಣದಾದ ಮರಿ ಉಣುಗು ಕಚ್ಚಿ, ಅದೂ ಹೆಚ್ಚಾಗಿ ಕಾಡಿಗೆ ಹೋದಾಗ. ಅಂಗಳದಲ್ಲಿ ಮೇಯುವ ಗಿನಿಕೋಳಿಯನ್ನು ನಂಬಿಕೊಂಡು ಕಾಡಿಗೆ ಹೋಗುವಾಗ ಉಣುಗಿನ ಎಣ್ಣೆ ಹಚ್ಚುವುದನ್ನು ಯಾರೂ ಬಿಡಬಾರದು.

ಇನ್ನು ಮರಿಗಳ ವಿಷಯ. ಗಿನಿಕೋಳಿ ವರ್ಷವಿಡೀ ಮೊಟ್ಟೆ ಇಡುವುದಿಲ್ಲ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ. ಮೊಟ್ಟೆ ಒಡೆಯಲು 26ರಿಂದ 28 ದಿನ. ಅಂದರೆ ಜೂನ್‌ನಲ್ಲಿ ಮೊಟ್ಟೆ ಇಟ್ಟರೆ ಮರಿ ಹೊರಬರುವುದು ಸರಿಯಾಗಿ ಮಲೆನಾಡಿನ ಅತಿ ಜೋರು ಮಳೆಗೆ. ಒಂದು ದಿನದ ಗಿನಿಕೋಳಿ ಮರಿಯ ತೂಕ ಸುಮಾರು 25 ಗ್ರಾಂ. ಬ್ರಾಯ್ಲರ್ ಮರಿ 40 ಗ್ರಾಂ ಹತ್ತಿರ ಇರುತ್ತದೆ. ಮೈ ಚಿಕ್ಕದಾದಷ್ಟೂ ಬೇಗ ತಣ್ಣಗಾಗುತ್ತದೆ, ಮೈಮೇಲಿನ ತುಪ್ಪಳ ಒದ್ದೆಯಾದರಂತೂ ಮುಗಿದೇ ಹೋಯಿತು. ಕೋಳಿಮರಿ ತಡೆದುಕೊಳ್ಳುವ ಚಳಿಯನ್ನು ಇದು ತಡೆದುಕೊಳ್ಳುವುದಿಲ್ಲ. ರೆಕ್ಕೆಪುಕ್ಕ ಬಂದ ಮೇಲೆ ಇದೇ ಹಕ್ಕಿ ಎಂಥ ಮಳೆಗೂ ಜಗ್ಗುವುದಿಲ್ಲ, ಅದು ಬೇರೆ ಮಾತು.

ನಾನು ಹೋದಾಗ ಮರಿಗಳು ಬಚ್ಚಲುಮನೆಯಲ್ಲಿದ್ದವು. ಒಂದು ಟಿವಿಯ ರಟ್ಟಿನ ಪೆಟ್ಟಿಗೆ, ಮೇಲಿನಿಂದ ಇಳಿಬಿಟ್ಟ 100 ವಾಟಿನ ಒಂದು ಬಲ್ಬು, ಕೆಳಗೆ ದಿನಪತ್ರಿಕೆ ಹಾಸಿ ಅದರ ಮೇಲೆ ಮರದ ಹೊಟ್ಟು. ಒಂದು ಸ್ಟೀಲ್ ತಟ್ಟೆಯಲ್ಲಿ ನೀರು, ಇನ್ನೊಂದರಲ್ಲಿ ಅಕ್ಕಿ ನುಚ್ಚು. ಬಚ್ಚಲನ್ನು ಆರಿಸಿದ್ದಕ್ಕೂ ಕಾರಣ ಇತ್ತು. ಹಂಡೆ ಒಲೆ ಇಡೀ ದಿನ ಉರಿಯುವ ಜಾಗ, ಮನೆಯಲ್ಲೇ ಅತಿ ಬೆಚ್ಚಗಿನ ಕೋಣೆ. ಯೋಚನೆ ಸರಿಯೇ. ಆದರೆ ಅಲ್ಲಿ ಬಿಸಿಯ ಜೊತೆ ಹಬೆಯೂ ಇರುತ್ತದೆ, ಹೊಗೆಯೂ ಇರುತ್ತದೆ. ಸಂಜೆ ಮನೆಮಂದಿಯೆಲ್ಲ ಸ್ನಾನ ಮಾಡಿ ಮುಗಿಸುವಷ್ಟರಲ್ಲಿ ಗೋಡೆಯೇ ಬೆವರುತ್ತದೆ. ಪೆಟ್ಟಿಗೆಯ ತಳ ಮುಟ್ಟಿ ನೋಡಿದೆ, ರಟ್ಟು ಮೆತ್ತಗಾಗಿತ್ತು.

ನಾನು ಕೇಳಿದ ಮೊದಲ ಪ್ರಶ್ನೆ, "ಹಗಲು ಯಾವುದಾದ್ರೂ ಸತ್ತಿದ್ಯಾ ಚಿಕ್ಕಮ್ಮ?" ಅವರು ಸ್ವಲ್ಪ ಯೋಚಿಸಿದರು. ಇಲ್ಲ. ಎಂಟೂ ಸತ್ತದ್ದು ರಾತ್ರಿಯೇ, ಸಿಕ್ಕಿದ್ದು ಬೆಳಿಗ್ಗೆ. ಸಿಕ್ಕಿದ್ದಾದರೂ ಎಲ್ಲಿ? ಪೆಟ್ಟಿಗೆಯ ಒಂದೇ ಮೂಲೆಯಲ್ಲಿ, ಒಂದರ ಮೇಲೊಂದು, ಅಡಿಯಲ್ಲಿದ್ದವು ಚಪ್ಪಟೆಯಾಗಿ.

ಇಷ್ಟು ಕೇಳಿದ ಮೇಲೆ ಅರ್ಧ ಉತ್ತರ ಸಿಕ್ಕಿದಂತೆಯೇ. ರೋಗಕ್ಕೆ ಹಗಲು ರಾತ್ರಿ ಅಂತ ಇರುವುದಿಲ್ಲ ಅಲ್ವಾ. ರಾತ್ರಿ ಮಾತ್ರ, ಮೂಲೆಯಲ್ಲಿ ಮಾತ್ರ, ರಾಶಿಯಾಗಿ ಸತ್ತಿವೆ ಅಂದರೆ ಅವು ಚಳಿಗೆ ಒಂದರಡಿ ಒಂದು ನುಗ್ಗಿವೆ. ಅಡಿಗೆ ಸಿಕ್ಕಿದವು ಉಸಿರು ಕಟ್ಟಿ ಹೋದವು, ಮೇಲಿದ್ದವು ಚಳಿಗೆ ಹೋದವು.

ಆದರೂ ಖಚಿತವಾಗಬೇಕಿತ್ತು. ಇನ್‌ಕ್ಯುಬೇಟರಿಗೆ ತಂದಿದ್ದ ಒಂದು ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲೇ ಬಿದ್ದಿತ್ತು, ಹಿಂದಿನ 24 ಗಂಟೆಯಲ್ಲಿ ಅತಿ ಜಾಸ್ತಿ ಎಷ್ಟು, ಅತಿ ಕಡಿಮೆ ಎಷ್ಟು ಅಂತ ನೆನಪಿಟ್ಟುಕೊಳ್ಳುವಂಥದ್ದು. ಚಿಕ್ಕಮ್ಮ ಅದನ್ನು ಪೆಟ್ಟಿಗೆಯೊಳಗೇ ನೇತುಹಾಕಿದ್ದರು, ಸಂಜೆ ಮಲಗುವ ಮುಂಚೆ ನೋಡುತ್ತಲೂ ಇದ್ದರು. ಸಂಜೆ 35, 36 ತೋರಿಸುತ್ತಿತ್ತಂತೆ. ಆ ಬಟನ್ ಒತ್ತಿ ನೋಡಿದೆ. ಅತಿ ಜಾಸ್ತಿ 41. ಅತಿ ಕಡಿಮೆ 22. ಅದೂ ಮೇಲೆ, ಬಲ್ಬಿನ ಪಕ್ಕದ ಲೆಕ್ಕ. ನೆಲದಲ್ಲಿ ಇನ್ನೂ ಕಡಿಮೆಯೇ ಇದ್ದಿರಬೇಕು. ಮಧ್ಯಾಹ್ನ ಒಲೆಯ ಬಿಸಿ ಮತ್ತು ಬಲ್ಬಿನ ಬಿಸಿ ಸೇರಿ ಮರಿಗಳು ಬಾಯಿ ಬಿಟ್ಟು ಏದುಸಿರು ಬಿಡುತ್ತಿದ್ದವು, ನಡುರಾತ್ರಿ ಕರೆಂಟು ಹೋಗಿ ಒಲೆಯೂ ಆರಿ ಕೋಣೆ ತಣ್ಣಗಾಗುತ್ತಿತ್ತು, ಬೆಳಗಿನ ಜಾವ ಕರೆಂಟು ಬಂದು ಚಿಕ್ಕಮ್ಮ ಏಳುವಾಗ ಬಲ್ಬು ಉರಿಯುತ್ತಲೇ ಇರುತ್ತಿತ್ತು, ಹಾಗಾಗಿ ನಡುವೆ ಏನಾಯಿತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸತ್ತ ಮರಿಗಳಲ್ಲಿ ಎರಡನ್ನು ಹೋಬಳಿಯ ಪಶುವೈದ್ಯರ ಹತ್ತಿರ ಒಯ್ದು ಕೊಯ್ದು ನೋಡಿಸಿದೆವು. ಇದನ್ನು ಎಲ್ಲರೂ ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ, ಸತ್ತ ಮರಿಯನ್ನು ತೆಂಗಿನ ಬುಡಕ್ಕೆ ಹೂತರೆ ಅದರ ಜೊತೆ ಉತ್ತರವೂ ಹೂತುಹೋಗುತ್ತದೆ. ಕುತ್ತಿಗೆ ಕೆಳಗಿನ ಮೇವಿನ ಚೀಲ ಎರಡರಲ್ಲೂ ಖಾಲಿ. ಒಂದರ ಹೊಟ್ಟೆಯಲ್ಲಿ ಮರದ ಹೊಟ್ಟು ಗಂಟು ಕಟ್ಟಿತ್ತು. ಮೊಟ್ಟೆಯ ಹಳದಿ ಇನ್ನೂ ಕರಗದೆ ಉಳಿದಿತ್ತು, ಆದರೆ ಕೊಳೆತ ವಾಸನೆ ಇರಲಿಲ್ಲ. ಹೊಕ್ಕುಳಿನಿಂದ ಸೋಂಕು ಹತ್ತಿದ್ದರೆ ಆ ವಾಸನೆ ಬರುತ್ತದೆ, ಹೊಟ್ಟೆ ಊದಿ ಬಣ್ಣ ತಿರುಗಿರುತ್ತದೆ. ವೈದ್ಯರು ಹೇಳಿದ್ದೂ ಅದೇ, "ರೋಗದ ಲಕ್ಷಣ ಏನೂ ಕಾಣ್ತಿಲ್ಲ, ಚಳಿ ತಿಂದಿವೆ, ಮೇವು ತಿಂದಿಲ್ಲ."

ಮರಿ ಹೊರಬಂದ ಮೇಲೆ ಎರಡು ಮೂರು ದಿನ ಆ ಹಳದಿಯ ಬಲದಲ್ಲೇ ಬದುಕುತ್ತದೆ. ಮೈ ಬೆಚ್ಚಗಿದ್ದರೆ ಮಾತ್ರ ಅದು ಸರಿಯಾಗಿ ಕರಗುವುದು. ಚಳಿ ಹಿಡಿದ ಮರಿ ಓಡಾಡುವುದಿಲ್ಲ, ಓಡಾಡದ ಮರಿಗೆ ಮೇವು ಕಾಣುವುದಿಲ್ಲ, ಮೂರನೇ ದಿನ ಹಳದಿಯ ಬಲವೂ ಇಲ್ಲ, ಮೇವೂ ಇಲ್ಲ. ಮೂರನೇ ದಿನವೇ ಸಾವು ಜಾಸ್ತಿಯಾದದ್ದು ಇದಕ್ಕೇ. ಅಂಗಡಿಯವರು ಕೊಟ್ಟ ಆಂಟಿಬಯೋಟಿಕ್ ಪುಡಿಯಿಂದ ಆದದ್ದು ಇಷ್ಟೇ: ನೀರು ಹಳದಿಯಾಗಿ ಕಹಿಯಾಯಿತು, ಮರಿಗಳು ಕುಡಿಯುವುದನ್ನೇ ಕಡಿಮೆ ಮಾಡಿದವು. ಅವತ್ತೇ ಅದನ್ನು ಚೆಲ್ಲಿ ಬರೀ ನೀರು ಇಟ್ಟೆವು.

ಉಳಿದದ್ದು 14 ಮರಿ. ಅದರಲ್ಲಿ ಮೂರು ತಲೆ ಇಳಿಬಿಟ್ಟು ಕೂತಿದ್ದವು, ಎರಡಕ್ಕೆ ಕಾಲು ಅಗಲವಾಗಿ ಎರಡೂ ಕಡೆ ಜಾರಿತ್ತು.

ಮೊದಲು ಜಾಗ ಬದಲಾಯಿಸಿದೆವು. ಅಡುಗೆಮನೆ ಪಕ್ಕದ ಉಗ್ರಾಣ, ಒಣಗಿದ ನೆಲ, ಗಾಳಿ ನೇರವಾಗಿ ಬೀಸದ ಜಾಗ. ಫ್ರಿಜ್‌ನ ಹಳೇ ರಟ್ಟು ಬಿಚ್ಚಿ ಒಂದೂವರೆ ಅಡಿ ಎತ್ತರದ ಪಟ್ಟಿ ಮಾಡಿ ದುಂಡಗೆ ನಿಲ್ಲಿಸಿದೆವು. ಮೂಲೆಯೇ ಇಲ್ಲದಿದ್ದರೆ ಮೂಲೆಗೆ ನುಗ್ಗಿ ರಾಶಿ ಬೀಳುವುದೂ ಇಲ್ಲ. ಕೆಳಗೆ ಎರಡು ಇಂಚು ಒಣ ಭತ್ತದ ಹೊಟ್ಟು, ಅದರ ಮೇಲೆ ತೊಳೆದು ಒಣಗಿಸಿದ ಗೋಣಿಚೀಲ. ಗೋಣಿಯ ಅಂಚನ್ನು ಪೂರ್ತಿ ಒಳಕ್ಕೆ ಮಡಚಬೇಕು, ಬಿಚ್ಚಿಕೊಂಡ ನೂಲು ಮರಿಯ ಬೆರಳಿಗೆ ಸುತ್ತಿ ಬಿಗಿದರೆ ಬೆರಳೇ ಕೊಳೆಯುತ್ತದೆ. ಗೋಣಿಯಿಂದ ಎರಡು ಲಾಭ: ಕಾಲು ಜಾರುವುದಿಲ್ಲ, ಹೊಟ್ಟನ್ನೇ ಮೇವು ಅಂದುಕೊಂಡು ತಿನ್ನುವುದಿಲ್ಲ. ದಿನಪತ್ರಿಕೆ ಬೇಡವೇ ಬೇಡ. ನುಣುಪಾದ ಕಾಗದದ ಮೇಲೆ ಗಿನಿಕೋಳಿ ಮರಿಯ ಕಾಲು ನಿಲ್ಲುವುದಿಲ್ಲ, ಎರಡೇ ದಿನದಲ್ಲಿ ಕಾಲು ಅಗಲಿಸಿಕೊಳ್ಳುತ್ತದೆ.

ಬಿಸಿಗೆ 100 ವಾಟಿನ ಒಂದರ ಬದಲು 60 ವಾಟಿನ ಎರಡು ಹಳೇ ಮಾದರಿ ಬಲ್ಬು. ಒಂದು ಸುಟ್ಟುಹೋದರೂ ಇನ್ನೊಂದು ಇರುತ್ತದೆ. ಎಲ್‌ಇಡಿ ಬಲ್ಬಿನಿಂದ ಕಾವು ಬರುವುದಿಲ್ಲ, ಅದನ್ನು ಹಾಕಿ ಮೋಸ ಹೋದವರನ್ನು ನೋಡಿದ್ದೇನೆ. ಬಲ್ಬನ್ನು ಅದರ ವೈರಿನಲ್ಲೇ ನೇತುಹಾಕದೆ ಬೇರೆ ಸರಪಳಿಯಲ್ಲಿ ಕಟ್ಟಿದೆವು, ಸುತ್ತ ತಂತಿ ಬಲೆ ಹಾಕಿದೆವು. ರಟ್ಟು, ಹೊಟ್ಟು, ಗೋಣಿ ಎಲ್ಲವೂ ಬೆಂಕಿ ಹಿಡಿಯುವ ವಸ್ತುಗಳೇ. ಬಲ್ಬು ಕಳಚಿ ಕೆಳಗೆ ಬಿದ್ದರೆ ಮರಿ ಮಾತ್ರ ಅಲ್ಲ, ಮನೆಯೂ ಉಳಿಯುವುದಿಲ್ಲ.

ಎರಡೂ ಬಲ್ಬು ದುಂಡಿನ ಒಂದೇ ಪಕ್ಕಕ್ಕೆ. ಇದು ಮುಖ್ಯ. ಒಂದು ಪಕ್ಕ 36 ಡಿಗ್ರಿ, ಇನ್ನೊಂದು ಪಕ್ಕ ತಂಪು. ಚಳಿಯಾದರೆ ಹತ್ತಿರ ಬರುತ್ತವೆ, ಸೆಕೆಯಾದರೆ ದೂರ ಹೋಗುತ್ತವೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಮರಿಗೆ ಈ ಆಯ್ಕೆ ಇರುವುದಿಲ್ಲ. ಥರ್ಮಾಮೀಟರನ್ನು ಮರಿಯ ಬೆನ್ನಿನ ಎತ್ತರಕ್ಕೆ, ಅಂದರೆ ಗೋಣಿಯಿಂದ ಎರಡು ಇಂಚು ಮೇಲೆ ಇಟ್ಟೆವು.

ಕರೆಂಟಿನದ್ದು ದೊಡ್ಡ ತಲೆನೋವು. ಮನೆಯಲ್ಲಿ ಇನ್ವರ್ಟರ್ ಇತ್ತು, ಆದರೆ ಬಚ್ಚಲಿನ ಪ್ಲಗ್ಗು ಆ ಲೈನಿನಲ್ಲಿ ಇರಲಿಲ್ಲ. ಉಗ್ರಾಣದ್ದು ಇತ್ತು. 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ಈ ಎರಡು ಬಲ್ಬನ್ನು ಒಂದು ರಾತ್ರಿ ಎಳೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟು ಬರದಿರುವುದೂ ಉಂಟು, ಅದಕ್ಕೂ ತಯಾರಿ ಬೇಕು. ಹಂಡೆಯಲ್ಲಿ ಬಿಸಿನೀರು ಹೇಗೂ ಇದ್ದೇ ಇರುತ್ತದೆ. ಎರಡು ಲೀಟರಿನ ಕ್ಯಾನುಗಳಿಗೆ ಬಿಸಿನೀರು ತುಂಬಿ, ಮುಚ್ಚಳ ಭದ್ರ ಮಾಡಿ, ದಪ್ಪ ಟವೆಲ್ ಸುತ್ತಿ ದುಂಡಿನೊಳಗೆ ಇಟ್ಟು, ಮೇಲೆ ಅರ್ಧಕ್ಕೆ ಕಂಬಳಿ ಹೊದಿಸಿದರೆ ಮರಿಗಳು ಅದಕ್ಕೆ ಒರಗಿಕೊಂಡು ಮಲಗುತ್ತವೆ. ಮೂರು ಗಂಟೆಗೊಮ್ಮೆ ನೀರು ಬದಲಾಯಿಸಬೇಕು, ಬೇರೆ ದಾರಿ ಇಲ್ಲ. ಪಕ್ಕದ ಮನೆಯವರು ಇದ್ದಿಲ ಕೆಂಡವನ್ನು ಮಡಕೆಯಲ್ಲಿ ಇಡಿ ಅಂದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಬರುವ ಕಾರ್ಬನ್ ಮಾನಾಕ್ಸೈಡ್ ಮರಿಯನ್ನೂ ಕೊಲ್ಲುತ್ತದೆ, ಪಕ್ಕದಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ. ಬೇಡ ಅಂದೆ.

ಸ್ಟೀಲ್ ತಟ್ಟೆ ತೆಗೆದು ಮರಿಗಳಿಗೆಂದೇ ಸಿಗುವ ಚಿಕ್ಕ ಡ್ರಿಂಕರ್ ಇಟ್ಟೆವು. ಅದರ ಅಂಚಿನ ಕಾಲುವೆಯಲ್ಲೂ ಹೊಳೆಯ ಸಣ್ಣ ಕಲ್ಲು ತುಂಬಿದೆವು, ಕೊಕ್ಕು ಮಾತ್ರ ನೀರಿಗೆ ತಾಗುವಷ್ಟು. ಗಿನಿಕೋಳಿ ಮರಿ ಅರ್ಧ ಇಂಚು ನೀರಿನಲ್ಲೂ ಮುಳುಗಿ ಸಾಯುತ್ತದೆ, ಸಾಯದಿದ್ದರೂ ಹೊಟ್ಟೆ ಒದ್ದೆ ಮಾಡಿಕೊಂಡು ಚಳಿ ಹಿಡಿಸಿಕೊಳ್ಳುತ್ತದೆ. ನೀರು ಉಗುರುಬೆಚ್ಚಗೆ ಇರಲಿ.

ತಲೆ ಇಳಿಬಿಟ್ಟ ಮೂರು ಮರಿಗಳನ್ನು ಬೇರೆ ಬುಟ್ಟಿಯಲ್ಲಿ, ಒಣ ಬಟ್ಟೆಯಲ್ಲಿ ಇಟ್ಟು ಮೊದಲು ಮೈ ಬೆಚ್ಚಗೆ ಮಾಡಿದೆವು. ತಣ್ಣಗಾದ ಮರಿಗೆ ಅವಸರದಲ್ಲಿ ಬಾಯಿಗೆ ನೀರು ಹೊಯ್ಯಬಾರದು, ನುಂಗುವ ಶಕ್ತಿ ಇಲ್ಲದೆ ನೀರು ಉಸಿರಿನ ಕೊಳವೆಗೆ ಹೋಗುತ್ತದೆ. ಕಾಲು ಬೆಚ್ಚಗಾಗಿ, ಕಣ್ಣು ಬಿಟ್ಟು, ತಾನಾಗಿ ತಲೆ ಎತ್ತಿದ ಮೇಲೆ ಬೆಲ್ಲದ ನೀರಿಗೆ ಕೊಕ್ಕಿನ ತುದಿ ಮುಟ್ಟಿಸಿದೆವು. ಎರಡು ಮರಿ ನೆಕ್ಕಿ ನೆಕ್ಕಿ ಕುಡಿದವು. ಮೂರನೆಯದು ರಾತ್ರಿಯೇ ಹೋಯಿತು.

ಅವತ್ತು ರಾತ್ರಿ ಉಗ್ರಾಣದಲ್ಲಿ ಕೂತು ಕೇಳುತ್ತಿದ್ದೆವು. ಥರ್ಮಾಮೀಟರಿಗಿಂತ ಮರಿಯ ದನಿ ನಂಬಬಹುದಾದದ್ದು. ಚಳಿಯಾದರೆ ಎತ್ತರದ ದನಿಯಲ್ಲಿ, ನಿಲ್ಲಿಸದೆ, ಒಂದೇ ಸಮನೆ ಕೂಗುತ್ತವೆ. ಸೆಕೆಯಾದರೆ ಸದ್ದಿಲ್ಲ, ರೆಕ್ಕೆ ಇಳಿಬಿಟ್ಟು ಗೋಡೆ ಬದಿಗೆ ಹೋಗಿ ಬಾಯಿ ಬಿಡುತ್ತವೆ. ಬಿಸಿ ಸರಿಯಾಗಿದ್ದರೆ ಮೆಲ್ಲನೆ ತಮ್ಮತಮ್ಮಲ್ಲೇ ಗುರುಗುಟ್ಟುತ್ತಾ, ಅಲ್ಲೊಂದು ಇಲ್ಲೊಂದು ಕಾಲು ಚಾಚಿ ಮಲಗುತ್ತವೆ. ಹೀಗೆ ಹರಡಿಕೊಂಡು ಮಲಗಿದ್ದನ್ನು ಮೊದಲ ಸಲ ನೋಡಿದ ಚಿಕ್ಕಮ್ಮ ಹೆದರಿ ಒಂದನ್ನು ಎತ್ತಿಯೇಬಿಟ್ಟರು, ಅದು ಕಿರುಚಿಕೊಂಡು ಓಡಿತು. ಎರಡು ಗಂಟೆ ಹೊತ್ತಿಗೆ ಕರೆಂಟು ಹೋಯಿತು, ಇನ್ವರ್ಟರ್ ಹಿಡಿಯಿತು, ಬಲ್ಬು ಆರಲಿಲ್ಲ.

ಬೆಳಿಗ್ಗೆ ಬಟನ್ ಒತ್ತಿದಾಗ ಜಾಸ್ತಿ 37, ಕಡಿಮೆ 34. ದುಂಡಿನೊಳಗೆ ಒಂದೂ ಸತ್ತಿರಲಿಲ್ಲ.

ಮೇವಿನ ವಿಷಯ ಇನ್ನೂ ಬಾಕಿ ಇತ್ತು. ಅಕ್ಕಿ ನುಚ್ಚಿನಲ್ಲಿ ಪ್ರೋಟೀನು ತುಂಬಾ ಕಡಿಮೆ, ಶೇಕಡ 7ರಿಂದ 8ರ ಆಸುಪಾಸು. ಗಿನಿಕೋಳಿ ಮರಿಗೆ ಮೊದಲ ವಾರಗಳಲ್ಲಿ ಶೇಕಡ 24ರಿಂದ 26 ಬೇಕು. ಟರ್ಕಿ ಕೋಳಿಯ ಸ್ಟಾರ್ಟರ್, ಅಂದರೆ ಎಳೆ ಮರಿಗಳಿಗೆಂದೇ ಮಾಡಿದ ಮೇವು, ಸಿಕ್ಕರೆ ಅದು ಸರಿಹೊಂದುತ್ತದೆ, ನಮ್ಮ ಕಡೆ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಬ್ರಾಯ್ಲರ್ ಪ್ರೀ ಸ್ಟಾರ್ಟರ್ ಶೇಕಡ 22, 23 ಇರುತ್ತದೆ. ಅದರ ಜೊತೆ ಬೇಯಿಸಿದ ಕೋಳಿಮೊಟ್ಟೆಯನ್ನು ಸಣ್ಣಗೆ ಪುಡಿಮಾಡಿ ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಕೊಟ್ಟೆವು, ಉಳಿದದ್ದನ್ನು ಒಂದು ಗಂಟೆಯಲ್ಲಿ ತೆಗೆದೆವು.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಬ್ರಾಯ್ಲರ್ ಮೇವಿನಲ್ಲಿ ರಕ್ತಭೇದಿ ತಡೆಯಲು ಕಾಕ್ಸಿಡಿಯೋಸಿಸ್ ಔಷಧಿ ಬೆರೆಸಿರುವುದು ಸಾಮಾನ್ಯ. ಅದರಲ್ಲಿ ಮೊನೆನ್ಸಿನ್ ಇದ್ದರೆ ಗಿನಿಕೋಳಿಗೆ ಕೊಡಬಾರದು, ಕೋಳಿಗೆ ಹಿಡಿಸುವ ಆ ಔಷಧಿ ಇದಕ್ಕೆ ವಿಷವಾಗಬಹುದು. ಚೀಲದ ಮೇಲಿನ ಚೀಟಿ ಓದಿ, ಬರೆದಿಲ್ಲದಿದ್ದರೆ ಕೇಳಿ, ಔಷಧಿ ಬೆರೆಸದ ಮೇವೇ ತನ್ನಿ. ಬಿಡಿಯಾಗಿ ಕಿಲೋ ಲೆಕ್ಕದಲ್ಲಿ ತಂದರೆ ಅದರಲ್ಲಿ ಏನಿದೆ ಅಂತ ತಿಳಿಯುವುದೇ ಇಲ್ಲ. ನಾವು ತಂದದ್ದು ಔಷಧಿ ಇಲ್ಲದ ಚೀಲ, ಅದಕ್ಕಾಗಿ ಶಿವಮೊಗ್ಗಕ್ಕೇ ಹೋಗಬೇಕಾಯಿತು. ಗೆದ್ದಲು ಕೊಡಬಹುದಾ ಅಂತ ಚಿಕ್ಕಮ್ಮ ಕೇಳಿದರು. ಕೊಡಬಹುದು, ಮರಿಗಳು ಮುಗಿಬಿದ್ದು ತಿನ್ನುತ್ತವೆ. ಆದರೆ ತೋಟದಲ್ಲಿ ಗೆದ್ದಲಿಗೆ ಔಷಧಿ ಹೊಯ್ದ ಜಾಗದ್ದು ಬೇಡ.

ಕಾಲು ಜಾರಿದ ಎರಡು ಮರಿಗೆ ಅಂಟುವ ಬ್ಯಾಂಡೇಜಿನ ಸಣ್ಣ ಪಟ್ಟಿ ಕತ್ತರಿಸಿ ಎರಡೂ ಕಾಲಿಗೆ ಸೇರಿಸಿ ಕಟ್ಟಿದೆವು, ನಡುವೆ ಒಂದು ಇಂಚು ಅಂತರ ಬಿಟ್ಟು, ಮರಿ ನಿಲ್ಲುವಾಗ ಕಾಲು ಹೊಟ್ಟೆಯ ಕೆಳಗೇ ಬರುವ ಹಾಗೆ. ಬಿಗಿಯಾಗಬಾರದು. ದಿನಾ ಬಿಚ್ಚಿ ನೋಡಿ ಮತ್ತೆ ಕಟ್ಟಬೇಕು. ಒಂದು ಮರಿ ಮೂರು ದಿನದಲ್ಲಿ ನೆಟ್ಟಗೆ ನಿಂತಿತು. ಇನ್ನೊಂದರ ಮಂಡಿ ಆಗಲೇ ತಿರುಗಿಹೋಗಿತ್ತು, ಅದು ಉಳಿಯಲಿಲ್ಲ. ಕಾಲಿನ ತೊಂದರೆಗೆ ಮೊದಲ ಎರಡು ದಿನದೊಳಗೆ ಪಟ್ಟಿ ಬಿದ್ದರೆ ಗುಣ ಜಾಸ್ತಿ.

ಹಾಗೆ 22ರಲ್ಲಿ 12 ಉಳಿದವು. ಜಾಗ ಬದಲಾಯಿಸಿದ ಮೇಲೆ ಹೋದವು ಆ ಎರಡೇ.

ಮುಂದಿನದ್ದು ಸುಲಭ. ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಹೋಗುವುದು, ಬಲ್ಬನ್ನು ಸರಪಳಿಯಲ್ಲಿ ಸ್ವಲ್ಪ ಸ್ವಲ್ಪ ಮೇಲೆತ್ತಿ. ಒಂದು ವಾರದ ನಂತರ ಗೋಣಿ ತೆಗೆದೆವು, ಬರೀ ಭತ್ತದ ಹೊಟ್ಟು, ಒದ್ದೆಯಾದ ಭಾಗವನ್ನು ದಿನಾ ತೆಗೆದು ಹೊಸದು ಹಾಕುವುದು. ಎರಡನೇ ವಾರಕ್ಕೆ ರೆಕ್ಕೆ ಬಲಿತು ಹಾರಲು ಶುರು ಮಾಡುತ್ತವೆ, ಕೋಳಿಮರಿಗಿಂತ ಬಹಳ ಬೇಗ, ಆಗ ಮೇಲೆ ಬಲೆ ಬೇಕೇ ಬೇಕು. ಬಲೆ ಅರ್ಧ ಇಂಚಿನ ಕಣ್ಣಿನದ್ದೇ ಆಗಲಿ, ಹೆಗ್ಗಣ ಮತ್ತು ಹಾವು ಎರಡಕ್ಕೂ ಉಗ್ರಾಣ ಅಂದರೆ ಇಷ್ಟ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ವೈದ್ಯರು ಹೇಳಿದ ದಿನ ಹಾಕಿಸಿದರು, ಗಿನಿಕೋಳಿಗೂ ಆ ರೋಗ ಬರುತ್ತದೆ. ಎರಡು ಮೂರು ವಾರದ ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೆ ಮಾತ್ರ ತಡಮಾಡದೆ ವೈದ್ಯರ ಹತ್ತಿರ ಹೋಗಬೇಕು, ಅದು ಚಳಿಯ ಕತೆಯಲ್ಲ. ಮಳೆಗಾಲವಾದ್ದರಿಂದ ಚಿಕ್ಕಮ್ಮ ಆರು ವಾರ ತುಂಬುವವರೆಗೂ ರಾತ್ರಿ ಒಂದು ಬಲ್ಬು ಉಳಿಸಿಕೊಂಡಿದ್ದರು. ಹೊರಗೆ ಬಿಡುವ ಮುಂಚೆ ನವಣೆ ಚೆಲ್ಲಿ ಒಂದೇ ರೀತಿಯ ಕೂಗು ಹಾಕಿ ಕರೆಯುವುದನ್ನು ರೂಢಿ ಮಾಡಿದರು. ಸಂಜೆ ಗೂಡಿಗೆ ವಾಪಸ್ ಬರಲು ಅದೇ ಆಧಾರ, ಇಲ್ಲದಿದ್ದರೆ ಹಲಸಿನ ಮರ ಹತ್ತಿ ಅಲ್ಲೇ ಕೂರುತ್ತವೆ.

ಮುಂದಿನ ವರ್ಷಕ್ಕೆ ಇನ್‌ಕ್ಯುಬೇಟರ್ ಬೇಡ, ಕಾವಿಗೆ ಕೂತ ನಾಟಿ ಹೇಂಟೆಯ ಅಡಿಯಲ್ಲಿ ಇಡುತ್ತೇನೆ ಅಂತ ಚಿಕ್ಕಮ್ಮ ಈಗಲೇ ಹೇಳುತ್ತಿದ್ದಾರೆ. ನನಗೂ ಅದು ಒಳ್ಳೆಯದು ಅನಿಸುತ್ತದೆ, ಹೇಂಟೆಗೆ ಕರೆಂಟು ಹೋಗುವುದಿಲ್ಲ. ಒಂದು ಹೇಂಟೆಗೆ 12ರಿಂದ 15 ಗಿನಿ ಮೊಟ್ಟೆ ಸಾಕು. ಆದರೆ ಜೊತೆಗೆ ಕೋಳಿಮೊಟ್ಟೆ ಸೇರಿಸಬಾರದು. ಕೋಳಿಮರಿ 21ನೇ ದಿನಕ್ಕೆ ಹೊರಬಂದರೆ ಅವನ್ನು ಕರೆದುಕೊಂಡು ಹೇಂಟೆ ಎದ್ದುಹೋಗುತ್ತದೆ, ಇನ್ನೂ ಒಂದು ವಾರ ಬೇಕಾದ ಗಿನಿ ಮೊಟ್ಟೆಗಳು ತಣ್ಣಗಾಗುತ್ತವೆ. ಮರಿಯಾದ ಮೇಲೂ ಮೊದಲ ವಾರಗಳಲ್ಲಿ ತಾಯಿ ಮರಿ ಎಲ್ಲವನ್ನೂ ಒಣಗಿದ ಕೋಣೆಯಲ್ಲೇ ಕೂಡಿಹಾಕಬೇಕು, ಹೇಂಟೆ ಬೆಳಿಗ್ಗೆ ಒದ್ದೆ ಹುಲ್ಲಿಗೆ ಇಳಿದರೆ ಕೋಳಿಮರಿ ತಡೆದುಕೊಂಡೀತು, ಇವು ತಡೆಯುವುದಿಲ್ಲ. ಉಗ್ರಾಣವನ್ನು ಅದಕ್ಕೇ ಖಾಲಿ ಇಟ್ಟುಕೊಳ್ಳಿ ಅಂದಿದ್ದೇನೆ.